ಬಾಕ್ಸ್ ಮೂಲೆಯ ಬಿಳಿ ಚೂರು, ತುಂಡಾದ ನೆರಳು: ಸರಿಯಾಗಿದ್ದು ಹೀಗೆ

ಚಿಕ್ಕಮಗಳೂರಿನ ಹೋಂಸ್ಟೇ ಒಂದರ ವೆಬ್‌ಸೈಟ್‌ಗೆ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಡಿದ ಬಾಕ್ಸ್‌ಗಳ ದುಂಡು ಮೂಲೆಗಳಲ್ಲಿ ಬಿಳಿ ಚೂರು ಉಳಿಯುತ್ತಿತ್ತು, ನೆರಳು ಕತ್ತರಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತಿತ್ತು. ಬಿಳಿ ಚೂರಿಗೆ ಕಾರಣ ಚಿತ್ರವನ್ನು ಉಳಿಸಿದ ಜೆಪೆಗ್ ಫೈಲ್ ಮಾದರಿ. ಅದರಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ. ಹಿನ್ನೆಲೆಯ ಬಿಳಿ ಲೇಯರ್ (ಪದರ) ಅಳಿಸಿ, ಪಾರದರ್ಶಕತೆ ಉಳಿಸುವ ಪಿಎನ್‌ಜಿ ಮಾದರಿಗೆ ಎಕ್ಸ್‌ಪೋರ್ಟ್ ಮಾಡಿದ ಕೂಡಲೇ ಹೋಯಿತು.

ನೆರಳಿನದು ಅಳತೆಯ ತೊಂದರೆ. ಬಾಕ್ಸ್ 360×240 ಪಿಕ್ಸೆಲ್, ಕ್ಯಾನ್ವಾಸೂ (ಇಡೀ ಚಿತ್ರದ ಹಾಳೆ) ಅಷ್ಟೇ ಇತ್ತು. ನೆರಳು ಹಾಕುವ ಡ್ರಾಪ್ ಶ್ಯಾಡೋ ಫಿಲ್ಟರ್‌ನಲ್ಲಿ ಬ್ಲರ್ (ಮಸುಕಿನ ಪ್ರಮಾಣ) 10 ಇಟ್ಟರೆ ನೆರಳು ಸುಮಾರು 30 ಪಿಕ್ಸೆಲ್ ಹರಡುತ್ತದೆ, ಆಫ್‌ಸೆಟ್ (ನೆರಳು ಸರಿಯುವ ದೂರ) 4 ಸೇರಿದರೆ 34. ಆದ್ದರಿಂದ ಸುತ್ತಲೂ 40 ಬಿಟ್ಟು ಕ್ಯಾನ್ವಾಸ್ 440×320 ಮಾಡಿ. ಅಷ್ಟೇ ದೊಡ್ಡ ಪಾರದರ್ಶಕ ಲೇಯರ್‌ನಲ್ಲಿ ರೆಕ್ಟ್ಯಾಂಗಲ್ ಸೆಲೆಕ್ಟ್ ಹಿಡಿದು ನಡುವೆ 360×240 ಆಯ್ದು, ರೌಂಡೆಡ್ ಕಾರ್ನರ್ಸ್ 16ಕ್ಕೆ ಇಟ್ಟು ಬಣ್ಣ ತುಂಬಿ. ನೆರಳು ಹಾಕುವ ಮುಂಚೆ ಸೆಲೆಕ್ಷನ್ ತೆಗೆಯಲೇಬೇಕು, ಇಲ್ಲದಿದ್ದರೆ ಫಿಲ್ಟರ್ ಆ ಗೆರೆಯೊಳಗೇ ಕೆಲಸ ಮಾಡಿ ಹೊರಗೆ ಏನೂ ಕಾಣುವುದಿಲ್ಲ. ನೆರಳಿನ ಒಪಾಸಿಟಿ (ಗಾಢತೆ) 0.3 ಸಾಕು, ಅದಕ್ಕಿಂತ ಗಾಢವಾದರೆ ಪುಟ ಕೊಳಕಾಗಿ ಕಾಣುತ್ತದೆ.

ಅಕ್ಷರಗಳನ್ನು ಮಾತ್ರ ಚಿತ್ರದೊಳಗೆ ಬರೆಯಬೇಡಿ. ಮೊಬೈಲ್‌ನಲ್ಲಿ ಮಸುಕಾಗುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅವನ್ನು ಪುಟದಲ್ಲೇ ಬರೆದು, ಪುಟದ ರೂಪ ಹೇಳುವ ಸಿಎಸ್‌ಎಸ್ ಕೋಡ್‌ನಲ್ಲಿ ಲೈನ್ ಹೈಟ್ (ಸಾಲಿನ ಎತ್ತರ) 1.6 ಕೊಡಿ, 1.2 ಇದ್ದಾಗ ‘ಮುಳ್ಳಯ್ಯನಗಿರಿ’ಯ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು.