ಕೆರೆಯ ಮೋಟರ್ ಕಡಲಿಗೆ ಇಳಿದಾಗ

ಮೈಸೂರು ಕಡೆ ದೋಣಿ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುತ್ತಾರೆ: ಸಿಹಿನೀರಲ್ಲಿ ಓಡಿದ ಔಟ್‌ಬೋರ್ಡ್ ಮೋಟರನ್ನು, ಅಂದರೆ ದೋಣಿಯ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಎಂಜಿನ್ನನ್ನು, ಸಮುದ್ರಕ್ಕೆ ಇಳಿಸಬಹುದಾ? ಧಾರಾಳವಾಗಿ ಇಳಿಸಬಹುದು. ವರುಣಾ ಕೆರೆಯಲ್ಲಿ ಓಡುತ್ತಿದ್ದ ಮೋಟರನ್ನು ನಾನು ಉಡುಪಿಯ ಕೋಡಿ ಬೆಂಗ್ರೆಗೆ ಒಯ್ದು ಓಡಿಸಿದ್ದೇನೆ. ಈಗಲೂ ಗಟ್ಟಿಮುಟ್ಟಾಗಿದೆ.

ಈ ಮೋಟರಿಗೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ. ಕೆಳಗಿನ ನೀರನ್ನೇ ಎಳೆದು ಎಂಜಿನ್ ತಣ್ಣಗೆ ಮಾಡಿ ಹೊರಗೆ ಬಿಡುತ್ತದೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೋಟರ್ ನಿಲ್ಲಿಸಿದ ಮೇಲೆ ಒಳಗೆ ಉಳಿದ ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಗಟ್ಟಿಯಾಗುತ್ತದೆ. ನೀರಿನ ದಾರಿ ಕಟ್ಟಿಕೊಂಡರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಕೋಡಿ ಬೆಂಗ್ರೆಯ ನಾಡದೋಣಿಯ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: "ಉಪ್ಪು ಒಣಗ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ."

ಹೊರಡುವ ಮೊದಲು ನಾನು ನೋಡಿದ್ದು ಆನೋಡ್. ಮೋಟರಿನ ಕೆಳಭಾಗಕ್ಕೆ ಬೋಲ್ಟ್ ಹಾಕಿರುವ ಸಣ್ಣ ಲೋಹದ ತುಂಡು ಅದು. ಅಲ್ಯೂಮಿನಿಯಂ ಬಾಡಿ ಸವೆಯುವ ಬದಲು ಅದು ಸವೆಯುತ್ತದೆ. ಸಿಹಿನೀರಿಗೆ ಮೆಗ್ನೀಸಿಯಂ ಹಾಕುವುದು ವಾಡಿಕೆ. ಉಪ್ಪುನೀರಲ್ಲಿ ಅದು ಬಹಳ ಬೇಗ ಕರಗಿಹೋಗುತ್ತದೆ. ಸತುವಿನದು ಸಮುದ್ರಕ್ಕೆ ಸರಿ, ಆದರೆ ಕೆರೆಗೆ ವಾಪಸ್ ತಂದರೆ ಮೇಲೆ ಪದರ ಕಟ್ಟಿಕೊಂಡು ಕೆಲಸವನ್ನೇ ಮಾಡುವುದಿಲ್ಲ. ಎರಡೂ ಕಡೆ ಓಡಿಸುವವನಾದ್ದರಿಂದ ನಾನು ಅಲ್ಯೂಮಿನಿಯಂ ಆನೋಡ್ ಹಾಕಿದೆ. ಅರ್ಧ ಸವೆದರೆ ಬದಲಿಸುತ್ತೇನೆ. ಅದಕ್ಕೆ ಪೇಂಟ್ ಮಾತ್ರ ಬಳಿಯಬಾರದು, ಬಳಿದರೆ ಇದ್ದೂ ಇಲ್ಲದ ಹಾಗೆ.

ಪ್ರೊಪೆಲ್ಲರ್ ಬಿಚ್ಚಿ ಶಾಫ್ಟಿಗೆ ನೀರಿಗೆ ಜಗ್ಗದ ಗ್ರೀಸ್ ಹಚ್ಚಿದೆ. ಹಚ್ಚದಿದ್ದರೆ ಆಮೇಲೆ ಬಿಚ್ಚಲು ಬರದ ಹಾಗೆ ಕಚ್ಚಿಕೊಳ್ಳುತ್ತದೆ.

ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುತ್ತವೆ. ಹೊಳೆ ತಾನೇ ಅಂತ ಸುಮ್ನೆ ಇರುವ ಹಾಗಿಲ್ಲ. ಭರತದ ಹೊತ್ತಿಗೆ ಅಳಿವೆಯಿಂದ ಉಪ್ಪುನೀರು ಒಳಗೆ ಏರಿಬರುತ್ತದೆ. ಓಡಿಸದಿರುವಾಗ ಮೋಟರನ್ನು ನೀರಿಂದ ಮೇಲಕ್ಕೆ ಎತ್ತಿ ಇಡುತ್ತಿದ್ದೆ.

ದಡಕ್ಕೆ ಬಂದ ಕೂಡಲೇ ತೊಳೆಯುವುದೇ ದೊಡ್ಡ ಕೆಲಸ. ಪ್ರೊಪೆಲ್ಲರ್ ತೆಗೆದು, ನೀರು ಎಳೆಯುವ ಕಿಂಡಿ ಚೆನ್ನಾಗಿ ಮುಳುಗುವಷ್ಟು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಮೋಟರ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಓಡಿಸುತ್ತೇನೆ. ಒಣ ಮೋಟರ್ ಒಂದು ಗಳಿಗೆಯೂ ಓಡಬಾರದು, ನೀರು ಎಳೆಯುವ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟುಹೋಗುತ್ತದೆ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೂ ಸಾಲದು. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ಅನ್ನೋ ಕವಾಟ ತೆರೆದರೆ ಮಾತ್ರ ನೀರು ಎಲ್ಲ ಕಡೆ ಹರಿಯುತ್ತದೆ. ಹಾಗಾಗಿ ಹತ್ತು ಹದಿನೈದು ನಿಮಿಷ ಬೇಕು. ಹೊರಗೆ ಬರುವ ಉಪ್ಪು ಅದೇ ಡ್ರಮ್ಮಿಗೆ ಸೇರುತ್ತದಲ್ವಾ? ಅದಕ್ಕೇ ನಡುವೆ ನೀರು ಬದಲಿಸುತ್ತೇನೆ. ಕಡಲಂಚಿನ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು, ಮೊದಲು ಬಾಯಿಗೆ ಹಾಕಿ ನೋಡಿ. ತೊಳೆದ ಮೇಲೆ ಮೋಟರ್ ನೆಟ್ಟಗೆ ನಿಂತಿರಲಿ, ನೀರೆಲ್ಲ ಇಳಿದುಹೋಗುತ್ತದೆ.

ಊರಿಗೆ ಬಂದು ಗೇರ್ ಆಯಿಲ್ ಒಂದಿಷ್ಟು ತೆಗೆದು ನೋಡುತ್ತೇನೆ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಸೀಲ್ ಕೆಟ್ಟಿದೆ ಅಂತಲೇ ಅರ್ಥ. ಹೊಸ ಸೀಲ್ ಹಾಕಿಸದೆ ಆ ಮೋಟರನ್ನು ಮತ್ತೆ ಕೆರೆಗೂ ಇಳಿಸುವುದಿಲ್ಲ.