ಮನೆಯೊಳಗಿನ ಸೀಸವನ್ನು ಹೊರಗೆ ಹಾಕುವುದು ಹೇಗೆ?

ಅಂಗಡಿಯಲ್ಲಿ ಎರಡು ರಾಶಿ ಅರಿಶಿನದ ಕೊಂಬು ಇದ್ದರೆ ಕೈ ತಾನಾಗಿ ಹೊಳೆಯುವ ರಾಶಿಯ ಕಡೆಗೆ ಹೋಗುತ್ತದೆ. ಮಂಕಾದದ್ದು ಹಳೇ ಸರಕಿರಬೇಕು ಎಂಬ ಅನುಮಾನ. ನಾನೂ ವರ್ಷಗಟ್ಟಲೆ ಹಾಗೇ ಆರಿಸಿ ತಂದವಳು. ಆ ಹೊಳಪು ಕೆಲವೊಮ್ಮೆ ಅರಿಶಿನದ್ದಲ್ಲ, ಲೆಡ್ ಕ್ರೋಮೇಟ್ ಎಂಬ, ಸೀಸ (ಲೆಡ್) ಸೇರಿದ ಹಳದಿ ಬಣ್ಣದ ಪುಡಿಯದ್ದು ಎಂದು ತಿಳಿದ ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಕೂತೆ. ಹುಡುಕಾಟ ಅಲ್ಲಿಗೇ ನಿಲ್ಲಲಿಲ್ಲ. ಕುಂಕುಮದ ಭರಣಿ, ಅಜ್ಜಿಯ ಹಿತ್ತಾಳೆ ಪಾತ್ರೆ, ಕಿಟಕಿಯ ಹಳೇ ಬಣ್ಣ ಎಲ್ಲದರ ಮೇಲೂ ಕಣ್ಣು ಬಿತ್ತು.

ಸೀಸಕ್ಕೆ ವಾಸನೆಯಿಲ್ಲ, ಅಡುಗೆಯಲ್ಲಿ ರುಚಿಯೂ ಗೊತ್ತಾಗುವುದಿಲ್ಲ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ, ಅಲ್ಲಿ ಅದು ದಶಕಗಟ್ಟಲೆ ಕೂರುತ್ತದೆ. ಹೆಣ್ಣು ಬಸುರಿಯಾದಾಗ ಮೂಳೆಯಿಂದ ರಕ್ತಕ್ಕಿಳಿದು ಹೊಟ್ಟೆಯಲ್ಲಿರುವ ಮಗುವನ್ನು ಸೇರುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಪುಟ್ಟ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ. ಮಗುವಿನ ಕಲಿಕೆ, ಗಮನ, ಬೆಳವಣಿಗೆಗೆ ಆದ ಪೆಟ್ಟು ಮತ್ತೆ ಸರಿಹೋಗದೆ ಉಳಿಯಬಹುದು. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿದೆ.

1. ಅರಿಶಿನದಿಂದ ಆರಂಭಿಸಿ

ಬೇಯಿಸಿ ಒಣಗಿಸಿದ ಅರಿಶಿನದ ಕೊಂಬಿನ ಮೇಲ್ಮೈ ಒರಟು, ಬಣ್ಣ ಮಂಕು. ಅದನ್ನು ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಬಣ್ಣ ಬೆರೆಸುವವರು ಬೆರೆಸುವುದು ಈ ಹಂತದಲ್ಲಿ. ಕೊಂಬುಗಳು ಒಂದಕ್ಕೊಂದು ಉಜ್ಜುವಾಗ ಹಳದಿ ಪುಡಿ ಮೇಲೆಲ್ಲ ಸಮನಾಗಿ ಹತ್ತಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಒಂದು ಕೊಂಬು ಹಾಕಿ, ಅಲುಗಿಸಬೇಡಿ. ಒಳ್ಳೆಯ ಕೊಂಬು ಬಣ್ಣ ಬಿಡುವುದಿಲ್ಲ. ಬಣ್ಣ ಬಳಿದದ್ದಾದರೆ ಹಾಕಿದ ಕೂಡಲೇ ಹಳದಿ ಇಳಿಯತೊಡಗುತ್ತದೆ. ಆಮೇಲೆ ಕೊಂಬನ್ನು ಮುರಿದು ನೋಡಿ. ಒಳಗಿನ ತಿರುಳಿಗಿಂತ ಹೊರ ಸಿಪ್ಪೆಯೇ ಹೆಚ್ಚು ಹಳದಿಯಾಗಿದ್ದರೆ, ಉಜ್ಜಿದಾಗ ಬೆರಳಿಗೆ ಗಾಢವಾಗಿ ಅಂಟಿದರೆ ಅದನ್ನು ಮನೆಗೆ ತರಬೇಡಿ. ಪುಡಿಯಾದರೆ ಒಂದು ಚಮಚ ನೀರಿಗೆ ಹಾಕಿ. ಶುದ್ಧ ಪುಡಿ ತಳ ಸೇರಿ ನೀರು ತಿಳಿಹಳದಿಯಾಗಿ ಉಳಿಯುತ್ತದೆ, ಕೃತಕ ಬಣ್ಣದ್ದು ಇಳಿಯುತ್ತಲೇ ನೀರನ್ನು ಗಾಢವಾಗಿಸುತ್ತದೆ.

ಅರಿಶಿನಕ್ಕೆ ಆಮ್ಲ ಹಾಕಿ ಗುಲಾಬಿ ಬಣ್ಣ ಬಂದರೆ ಕಲಬೆರಕೆ ಎಂಬ ವಿಡಿಯೊಗಳು ಫೋನಿನಲ್ಲಿ ಓಡಾಡುತ್ತಿವೆ. ಅದು ಮೆಟಾನಿಲ್ ಯೆಲ್ಲೋ ಎಂಬ ಬೇರೆ ಬಣ್ಣ ಹಿಡಿಯುವ ವಿಧಾನ, ಸೀಸಕ್ಕೆ ಸಂಬಂಧವಿಲ್ಲ. ಬಚ್ಚಲು ತೊಳೆಯುವ ಆಸಿಡ್ ತಂದು ಅಡುಗೆಮನೆಯಲ್ಲಿ ಪ್ರಯೋಗ ಮಾಡಬೇಡಿ. ನೀರಿನ ಪರೀಕ್ಷೆಯೂ ಢಾಳಾಗಿ ಬಳಿದದ್ದನ್ನು ಮಾತ್ರ ಹಿಡಿಯುತ್ತದೆ. ಸಣ್ಣ ಪ್ರಮಾಣ ತಿಳಿಯಲು ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯವೇ ಬೇಕು.

ಹಾಗಾಗಿ ನಾನು ಈಗ ಪುಡಿ ಕೊಳ್ಳುವುದನ್ನು ಬಿಟ್ಟಿದ್ದೇನೆ. ಚಾಮರಾಜನಗರದ ಕಡೆಯಿಂದ ಪಾಲಿಶ್ ಮಾಡದ ಕೊಂಬು ತರಿಸಿ, ತೊಳೆದು, ಬಿಸಿಲಿಗೆ ಹಾಕಿ, ಕುಟ್ಟಿ, ಗಿರಣಿಯಲ್ಲಿ ಪುಡಿ ಮಾಡಿಸುತ್ತೇನೆ. ಸಾರಿನ ಬಣ್ಣ ಮೊದಲಿನಷ್ಟು ಝಗಮಗಿಸುವುದಿಲ್ಲ. ಘಮ ಮಾತ್ರ ಹೆಚ್ಚಿದೆ.

ಇದು ತಿದ್ದಲಾಗದ ಕೇಡೇನಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಸಿಕ್ಕಿತ್ತು. ವಿಜ್ಞಾನಿಗಳು ಅದನ್ನು ಬಯಲಿಗಿಟ್ಟರು, ಸರ್ಕಾರ ಮಂಡಿಗಳ ಮೇಲೆ ದಾಳಿ ಮಾಡಿ ದಂಡ ಹಾಕಿತು, ಪತ್ರಿಕೆಗಳು ಬರೆದವು. 2021ರ ಹೊತ್ತಿಗೆ ಆ ಪ್ರಮಾಣ ಸೊನ್ನೆಗೆ ಇಳಿದಿತ್ತು. ಎರಡೇ ವರ್ಷ ಸಾಕಾಯಿತು. ನಮ್ಮ ಅಧಿಕಾರಿಗಳು ಇದನ್ನು ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

2. ಕುಂಕುಮ, ಸಿಂಧೂರ, ಕಾಡಿಗೆ

ಕುಂಕುಮ ಮೂಲದಲ್ಲಿ ಅರಿಶಿನವೇ. ನಿಂಬೆರಸ, ಬಿಳಿಗಾರ ಸೇರಿಸಿದಾಗ ಅದು ಕೆಂಪಾಗುತ್ತದೆ. ಸಿಂಧೂರ ಹಾಗಲ್ಲ, ಹಿಂದಿನಿಂದಲೂ ಆ ಹೆಸರು ಸೀಸದ ಕೆಂಪು ಆಕ್ಸೈಡಿಗೆ ಇದೆ. ಅಂಗಡಿಯ ಕಿತ್ತಳೆಗೆಂಪು ಪುಡಿ ಕೊಳ್ಳುವಾಗ ಇದು ನೆನಪಿರಲಿ. ಹಣೆಯ ಚರ್ಮ ಸೀಸವನ್ನು ಅಷ್ಟಾಗಿ ಹೀರುವುದಿಲ್ಲ. ಅಪಾಯ ಇರುವುದು ಬೆರಳಿನಲ್ಲಿ: ಕುಂಕುಮ ಮುಟ್ಟಿದ ಕೈಯಲ್ಲೇ ಪ್ರಸಾದ ತಿನ್ನುತ್ತೇವೆ, ಮಗುವಿಗೆ ತುತ್ತು ಕೊಡುತ್ತೇವೆ. ಕೈ ತೊಳೆದುಕೊಳ್ಳಿ. ಕೂಸಿನ ಕಣ್ಣಿಗೆ ಸುರ್ಮಾ ಬೇಡವೇ ಬೇಡ. ಅದು ಕಲ್ಲನ್ನು ನುಣ್ಣಗೆ ಅರೆದು ಮಾಡುವ ಕಣ್ಣುಕಪ್ಪು, ಆ ಕಲ್ಲು ಬಹಳ ಸಲ ಸೀಸದ ಅದಿರೇ ಆಗಿರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆ ಕೂಸಿನ ಅಂಗಾಲಿಗೆ ಸಾಕು.

3. ಕಲಾಯಿ ಹಾಕಿಸುವಾಗ ಎದುರಿಗೇ ನಿಲ್ಲಿ

ಹಿತ್ತಾಳೆ ಪಾತ್ರೆಗಳು ಈಚೆಗೆ ಅಟ್ಟದಿಂದ ಮತ್ತೆ ಇಳಿಯುತ್ತಿವೆ, ಸಂತೋಷ. ಆದರೆ ಹುಣಸೆಹುಳಿ, ಮಜ್ಜಿಗೆ, ನಿಂಬೆ ಬೀಳುವ ಪಾತ್ರೆಗೆ ಒಳಗೆ ಕಲಾಯಿ ಇರಲೇಬೇಕು, ಆ ಕಲಾಯಿ ಶುದ್ಧ ತವರದ್ದೇ ಆಗಿರಬೇಕು. ತವರ ದುಬಾರಿ, ಸೀಸ ಅಗ್ಗ. ನೋಡಲು ಎರಡೂ ಬೆಳ್ಳಗೆ, ಎರಡೂ ಬೇಗ ಕರಗುತ್ತವೆ. ಮೋಸಕ್ಕೆ ಇಷ್ಟು ಸಾಕು. ಸೀಸ ಬೆರೆತ ಕಲಾಯಿಯಲ್ಲಿ ಸಾರು ಕುದಿಸಿದರೆ ಹುಳಿ ಸೀಸವನ್ನು ಕರಗಿಸಿ ಸಾರಿಗೆ ಎಳೆದುಕೊಳ್ಳುತ್ತದೆ.

ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವರು ಕೆಲಸ ಮಾಡುವುದನ್ನು ನೋಡುತ್ತಾ ಕೂರುವುದು ಚಿಕ್ಕವಳಾಗಿದ್ದಾಗ ನನಗೆ ಹಬ್ಬ. ತಿದಿ ಒತ್ತಿ ಇದ್ದಿಲು ಕೆಂಪಗೆ ಮಾಡಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ಲೋಹದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒರೆಸಿದರೆ ಬಿಳಿ ಹೊಗೆಯ ನಡುವೆ ಪಾತ್ರೆ ಕನ್ನಡಿಯಾಗುತ್ತಿತ್ತು. ಆ ಕಡ್ಡಿ ಯಾವುದು ಎಂದು ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಈಗ ಕೇಳಬೇಕು. ತವರವನ್ನು ಲೋಹದ ಅಂಗಡಿಯಿಂದ ಬಿಲ್ ಸಮೇತ ನೀವೇ ತಂದುಕೊಡಿ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಸಣ್ಣಗೆ ಕಿರುಗುಟ್ಟುತ್ತದೆ. ಸೀಸದ್ದಾದರೆ ಸದ್ದಿಲ್ಲದೆ ಬಾಗುತ್ತದೆ, ಕಾಗದಕ್ಕೆ ಉಜ್ಜಿದರೆ ಪೆನ್ಸಿಲಿನಂತೆ ಬೂದು ಗೆರೆ ಎಳೆಯುತ್ತದೆ. ಮಿಶ್ರಲೋಹವಾದರೆ ಈ ಗುರುತುಗಳೂ ಕೈಕೊಡುತ್ತವೆ, ಅದಕ್ಕೇ ಬಿಲ್ ಮುಖ್ಯ. ಹೊಗೆಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ಸಾರಿಗೆಂದು ಈಯದ ಚೊಂಬು ಇಟ್ಟುಕೊಂಡಿರುವ ಮನೆಗಳಿಗೂ ಇದೇ ಮಾತು. ಅದು ತವರದ್ದಿರಬೇಕು. ಗುಜರಿ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯುಮಿನಿಯಂ ಪಾತ್ರೆಯಲ್ಲೂ ಸೀಸ ಸೇರಿರಬಹುದು. ಅನುಮಾನ ಬಂದರೆ ಹುಳಿಯ ಅಡುಗೆ ಸ್ಟೀಲಿನಲ್ಲಿ ಮಾಡಿ.

4. ಹಳೇ ಬಣ್ಣ ಮತ್ತು ದೂಳು

ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಕಿಟಕಿ, ಗೇಟು, ತೊಟ್ಟಿಲಿಗೆ ಬಳಿದ ಎನಾಮೆಲ್ ಬಣ್ಣದಲ್ಲಿ ಸೀಸ ಇದೆ ಎಂದುಕೊಂಡೇ ನಡೆದುಕೊಳ್ಳಿ, ಹಳದಿ, ಕೆಂಪು, ಹಸಿರಿನಲ್ಲಂತೂ ಖಂಡಿತ. ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆರೆಯಲು ಹೋಗದೆ ಮೇಲೆ ಹೊಸ ಬಣ್ಣ ಬಳಿಯಿರಿ. ಸಿಪ್ಪೆ ಏಳುತ್ತಿದ್ದರೆ ಒಣಗಿದ್ದಾಗ ಉಜ್ಜಬೇಡಿ: ನೀರು ಚಿಮುಕಿಸಿ, ಒದ್ದೆ ಮಾಡಿ ಉಜ್ಜಿಸಿ, ಬಸುರಿಯರು ಮತ್ತು ಮಕ್ಕಳು ಆ ದಿನ ಬೇರೆಡೆ ಇರಲಿ. ಒಣ ಪೊರಕೆ ಸೀಸದ ದೂಳನ್ನು ಮತ್ತೆ ಗಾಳಿಗೆ ಎಬ್ಬಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರಲ್ಲೂ ಕೂಸು ಅಂಬೆಗಾಲಿಡುವ ಜಾಗ ಮತ್ತು ಕಿಟಕಿಯ ಕಟ್ಟೆ.

ಗೌರಿ ಗಣೇಶ ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ ತನ್ನಿ. ಬಕೆಟ್ಟಿನಲ್ಲಿ ಬಿಟ್ಟ ನೀರನ್ನು ಧೈರ್ಯವಾಗಿ ಗಿಡಕ್ಕೆ ಹಾಕಬಹುದು.

5. ನಲ್ಲಿ ನೀರು, ಬ್ಯಾಟರಿ

ಹಳೆಯ ಪಿವಿಸಿ ಪೈಪು, ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರಿಗೆ ಸೀಸ ಇಳಿಯಬಹುದು. ಬೆಳಗಿನ ಮೊದಲ ನೀರನ್ನು ನೆಲ ಒರೆಸಲು ಹಿಡಿದಿಟ್ಟು, ಆಮೇಲೆ ಬಂದದ್ದನ್ನು ಕುಡಿಯಲು ತುಂಬಿಸಿ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಯುಪಿಎಸ್ ಬ್ಯಾಟರಿ ಕೆಟ್ಟರೆ ಗುಜರಿ ಗಾಡಿಗೆ ಕೊಡದೆ ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ. ಅದನ್ನು ಬೀದಿಬದಿಯಲ್ಲಿ ಒಡೆದು ಕರಗಿಸುವ ಕಡೆ ಮೊದಲು ವಿಷವಾಗುವುದು ಅಲ್ಲಿಯ ಮಕ್ಕಳು ಆಡುವ ಮಣ್ಣು.

6. ತಟ್ಟೆ ತುಂಬಿರಲಿ

ಹೊಟ್ಟೆ ಖಾಲಿ ಇದ್ದಾಗ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆ ಇದ್ದಾಗ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು, ಜೊತೆಗೆ ನೆಲ್ಲಿಕಾಯಿ: ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

7. ರಕ್ತ ಪರೀಕ್ಷೆ ಯಾರಿಗೆ, ಯಾವಾಗ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ಬಗ್ಗೆ ದೇಶವನ್ನು ಎಚ್ಚರಿಸಲೆಂದೇ ದಶಕಗಳ ಕಾಲ ದುಡಿದವರು. ಪೆಟ್ರೋಲಿನಲ್ಲಿ ಇನ್ನೂ ಸೀಸ ಇದ್ದ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ನಡೆದ ತಪಾಸಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಸಿಕ್ಕಿತ್ತು. 2000ದ ಫೆಬ್ರುವರಿಯಿಂದ ದೇಶದ ಬಂಕುಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು.

ಮಗು ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದರೆ, ಕಾರಣವಿಲ್ಲದೆ ಪದೇ ಪದೇ ಹೊಟ್ಟೆನೋವು ಎನ್ನುತ್ತಿದ್ದರೆ, ಕಬ್ಬಿಣದ ಔಷಧಿ ಕೊಟ್ಟರೂ ರಕ್ತಹೀನತೆ ಹೋಗದಿದ್ದರೆ, ಮನೆಯಲ್ಲಿ ಯಾರಾದರೂ ಬ್ಯಾಟರಿ, ಬಣ್ಣ, ಬೆಸುಗೆ ಕೆಲಸದಲ್ಲಿದ್ದರೆ ಮಕ್ಕಳ ವೈದ್ಯರನ್ನು 'ಬ್ಲಡ್ ಲೆಡ್' ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಹೆಸರು ಹೇಳಿಯೇ ಬರೆಸಬೇಕು. ಫಲಿತಾಂಶ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೂಲ ಯಾವುದೆಂದು ಹುಡುಕಿ ತೆಗೆಯುವುದೇ ಮೊದಲ ಚಿಕಿತ್ಸೆ. ಮಕ್ಕಳಲ್ಲಿ 45 ಮುಟ್ಟಿದರೆ ಆಸ್ಪತ್ರೆಯಲ್ಲಿ ಸೀಸವನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿ ಬೇಕಾಗುತ್ತದೆ. ಡಿಟಾಕ್ಸ್ ಹೆಸರಿನ ಪುಡಿಗಳಿಗೆ ದುಡ್ಡು ಸುರಿಯಬೇಡಿ. ವೈದ್ಯರ ಬಳಿ ಹೋಗುವಾಗ ಬಳಸುವ ಅರಿಶಿನ, ಕುಂಕುಮ, ಪಾತ್ರೆಗಳ ಫೋಟೊ ಜೊತೆಗೆ ಒಯ್ಯಿರಿ. ಮರುಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.