ಸೀಲಿಂಗ್ ಸ್ಪೀಕರ್ ಹಾಕಿದ ಮೇಲೆ ಆಂಪ್ (ಆಂಪ್ಲಿಫೈಯರ್) ಆಫ್ ಆಗ್ತಾ ಇತ್ತು, ಸರಿ ಆದದ್ದು ಹೀಗೆ

ಕದ್ರಿಯ ನಮ್ಮ ಮನೆ ಹಾಲ್‌ನ ಜಿಪ್ಸಂ ಸೀಲಿಂಗಿಗೆ ನಾಲ್ಕು ಸ್ಪೀಕರ್ ಹಾಕಿಸಿದೆ, ಎಲ್ಲಾ 8 ಓಮ್‌ನದ್ದು (ಓಮ್ ಅಂದ್ರೆ ಕರೆಂಟಿಗೆ ಸ್ಪೀಕರ್ ಕೊಡುವ ತಡೆಯ ಅಳತೆ). ಸೌಂಡ್ ಸ್ವಲ್ಪ ಜಾಸ್ತಿ ಕೊಟ್ರೆ ಆಂಪ್ ಬಿಸಿಯಾಗಿ ಟಕ್ ಅಂತ ಆಫ್. ಆಂಪೇ ಹಾಳು ಅಂದ್ಕೊಂಡಿದ್ದೆ ಮಾರ್ರೆ, ಮೇಲೆ ಹತ್ತಿ ವಯರ್ ನೋಡಿದ್ರೆ ನಾಲ್ಕನ್ನೂ ಪ್ಯಾರಲಲ್ ಆಗಿ (ಎಲ್ಲದರ ಪ್ಲಸ್ ಒಟ್ಟಿಗೆ, ಮೈನಸ್ ಒಟ್ಟಿಗೆ) ಆಂಪಿನ ಒಂದೇ ಚಾನೆಲ್‌ಗೆ ಕೊಟ್ಟಿದ್ದಾರೆ, ಹಾಗೆ ಕೊಟ್ರೆ ಒಟ್ಟು 2 ಓಮ್ ಆಗ್ತದೆ, ಓಮ್ ಕಮ್ಮಿ ಆದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡ್ಬೇಕು, ನಮ್ಮದರ ಹಿಂದೆ ಬರ್ದದ್ದು ಕಮ್ಮಿ ಅಂದ್ರೆ 4 ಓಮ್ ಅಂತ. ಎರಡೆರಡನ್ನು ಸೀರೀಸ್ (ಒಂದರ ಹಿಂದೆ ಒಂದು) ಮಾಡಿ ಆ ಜೋಡಿಗಳನ್ನು ಪ್ಯಾರಲಲ್ ಕೊಟ್ಟೆ, ಪುನಃ 8 ಓಮ್. ಒಂದರದ್ದು ಪ್ಲಸ್ ಮೈನಸ್ ಉಲ್ಟಾ ಇತ್ತು, ಅದಕ್ಕೇ ಬೇಸ್ ಸಪ್ಪೆ; 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಪ್ಲಸ್ ವಯರಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿದ್ರೆ ಕೋನ್ (ಸ್ಪೀಕರಿನ ಅಲುಗಾಡುವ ಭಾಗ) ಹೊರಗೆ ಬರ್ಬೇಕು, ಇದು ಒಳಗೆ ಹೋಯ್ತು. ಈಗ ಎರಡು ಗಂಟೆ ಯಕ್ಷಗಾನ ಹಾಕಿದ್ರೂ ಆಂಪ್ ಬೆಚ್ಚಗೆ ಅಷ್ಟೇ, ಚೆಂಡೆ ಮದ್ದಳೆ ಬೇರೆ ಬೇರೆ ಕೇಳ್ತದೆ.